ಒಂದು ಇಂಚು ಬಿಟ್ಟು

ರವಿಕೆ ನೇತುಹಾಕುವ ಕೊಕ್ಕೆಯಲ್ಲಿ
ಈಗ ಸಲಾಯಿನ್ ಬಾಟ್ಲಿ.
ಗಿರಾಕಿಗಳು ಮೇಲೆ ನೋಡುತ್ತಾರೆ, ಕೆಳಗೆ ನೋಡುತ್ತಾರೆ,
ಮೆಷಿನಿನ ಪೆಡಲಿನ ಮೇಲೆ ಮಲಗಿದವಳನ್ನು ಕಂಡು
"ಬಾಬಿನ್‌ಗೆ ಇನ್ನೂ ಜೀವ ಉಂಟಾ ವಾಮನಣ್ಣ?" ಎನ್ನುತ್ತಾರೆ.
ಉಂಟು, ಎನ್ನುತ್ತೇನೆ.

ಹದಿನೇಳು ವರ್ಷದ ಹಿಂದೆ
ಬೋಳಾರದ ಹಂಚಿನ ಕಾರ್ಖಾನೆಯ ಮುರಿದ ಗೋಡೆಯಿಂದ
ಇಳಿದು ಬಂದವಳು.
ನೂಲುಂಡೆ ಬಿಟ್ಟು ಬಾಬಿನನ್ನೇ ಕದ್ದು
ಕಪಾಟಿನಡಿ ಉರುಳಿಸಿ
ಮದುವೆಯ ಆರ್ಡರೊಂದು ತಡವಾಗಿ
ಮದುಮಗಳ ತಾಯಿ ಬೈದು ಹೋದರು.
ಹೆಸರು ಬಿದ್ದದ್ದು ಆ ದಿನ.

ಡಾಕ್ಟರ್ ಫ್ಲೋಸಿ ಹೇಳಿದರು: ಕಿಡ್ನಿ.
ಕುತ್ತಿಗೆಯ ಹಿಂದಿನ ಚರ್ಮ ಎತ್ತಿ ತೋರಿಸಿದರು,
ಬಿಟ್ಟರೆ ಅದು ಹಿಂದೆ ಹೋಗಲಿಲ್ಲ,
ನೆರಿಗೆ ಹಿಡಿದಿಟ್ಟ ಹಾಗೆ ನಿಂತೇ ಇತ್ತು.
"ಇಲ್ಲಿ ಚುಚ್ಚಬೇಕು, ದಿನಾ ನೂರು ಎಮ್ಮೆಲ್.
ನಿಮಗೆ ಸೂಜಿ ಹೊಸತಲ್ಲವಲ್ಲ."
ಹೊಸತಲ್ಲ. ನಲವತ್ತೊಂದು ವರ್ಷ.
ಆದರೆ ಬಟ್ಟೆ ಯಾವತ್ತೂ
ನನ್ನ ಮುಖ ನೋಡಿರಲಿಲ್ಲ.

ಅಳತೆ ಪುಸ್ತಕದ ಕೊನೆಯ ಪುಟದಲ್ಲಿ
ಜುಡಿತ್ ಬಾಯಿಯವರ ತೋಳು, ಸೊಂಟದ ಕೆಳಗೆ
ಅವಳ ತೂಕ ಬರೆದಿಟ್ಟಿದ್ದೇನೆ:
ನಾಲ್ಕು ಕಾಲು. ಮೂರೂವರೆ. ಮೂರಕ್ಕೆ ಸ್ವಲ್ಪ ಕಮ್ಮಿ.
ದಪ್ಪ ಆದವರಿಗೆ ಹೊಲಿಗೆ ಬಿಚ್ಚಿ ಕೊಡುವುದು ಗೊತ್ತು,
ಇಳಿದವರಿಗೆ ಹಿಡಿದು ಕೊಡುವುದೂ ಗೊತ್ತು.
ತೊಟ್ಟ ಅಂಗಿ ಕಳಚಲಾಗದವಳಿಗೆ
ಎಂತ ಮಾಡುವುದು?

ಮೊದಮೊದಲು ಒಳ್ಳೆಯದಾಯಿತು.
ಬಂಗುಡೆಯ ತಲೆ ತಿಂದಳು, ಚಾಕ್‌ಪೀಸನ್ನು ಕಾಲಿಂದ ತಳ್ಳಿದಳು.
ಸುಗುಣ "ನೋಡಿ, ನಾನು ಹೇಳಲಿಲ್ಲವಾ" ಎಂದು
ಮೀನಿನವಳ ಹತ್ತಿರ ಎರಡು ಬೂತಾಯಿ ಹೆಚ್ಚು ಕೇಳಿದಳು.
ಒಳ್ಳೆಯ ದಿನಕ್ಕೊಂದು ಗೆರೆ ಹಾಕಿ ಎಂದಿದ್ದರು ಡಾಕ್ಟರು.
ಮೇ ತಿಂಗಳಲ್ಲಿ ಗೋಡೆ ತುಂಬ ನೀಲಿ ಗೆರೆ.
ಜೂನಿನಲ್ಲಿ ಗೋಡೆ ಒದ್ದೆ, ಚಾಕ್ ಹಿಡಿಯುವುದಿಲ್ಲ
ಎಂದು ನಾನೇ ನನಗೆ ಹೇಳಿಕೊಂಡೆ.

ಮೊನ್ನೆ ನಡೆದದ್ದು ಇಷ್ಟೇ:
ಬಾಟ್ಲಿಯನ್ನು ಕೊಕ್ಕೆಗೆ ಸಿಕ್ಕಿಸುವಾಗ
ಒಂದು ಸಣ್ಣ ಸದ್ದು ಬರುತ್ತದೆ, ಟಿಕ್.
ಆ ಸದ್ದಿಗೆ ಅವಳು ಎದ್ದಳು.
ಎದ್ದು ನಿಲ್ಲಲು ಎರಡು ಸಲ ಬೇಕಾಯಿತು.
ಹೋಗಿ ಗುಂಡಿ ಡಬ್ಬಗಳ ಹಿಂದೆ ಮುಖ ಇಟ್ಟು ಕೂತಳು.
ಬಾಲ ಹೊರಗೆ.
ಅಡಗಿದ್ದೇನೆ ಎಂದುಕೊಂಡಿದ್ದಳು, ಪಾಪ,
ಮೆಷಿನಿನ ಸದ್ದಿಗೆ ಓಡಿ ಬರುತ್ತಿದ್ದವಳು.

ಆ ಸಂಜೆ ಸೂಜಿ ಬಿಚ್ಚಲಿಲ್ಲ.
ಬಾಲದ ಪಕ್ಕ ನೆಲದ ಮೇಲೆ ಕೂತೆ.
ಕರೆಂಟು ಹೋಯಿತು.
ತುಂಬ ಹೊತ್ತಾದ ಮೇಲೆ
ಮೊಣಕಾಲಿಗೆ ಒಂದು ಒಣ ಮೂಗು ತಾಗಿತು.

ಸೋಮವಾರ ಹನ್ನೊಂದಕ್ಕೆ ಬನ್ನಿ ಎಂದರು ಡಾಕ್ಟರು.
ಬೇಡ ಅನ್ನಿಸಿದರೆ ಬಾರದಿದ್ದರೂ ಸರಿ, ಎಂದೂ ಹೇಳಿದರು.
ಆ ಎರಡನೆಯ ಮಾತು ಹೇಳಬಾರದಿತ್ತು.

ಸುಗುಣ ಎರಡು ದಿನ ಮಾತಾಡಲಿಲ್ಲ.
ಮೂರನೆಯ ದಿನ ಅನ್ನ ಬಡಿಸುತ್ತಾ
"ನನ್ನ ಅಮ್ಮ ಆರು ತಿಂಗಳು ಮಲಗಿದಲ್ಲೇ ಇದ್ದರು,
ಆಗ ನಾವು ಇಂಥ ಮಾತು ಆಡಿದೆವಾ?" ಎಂದಳು.
ಅವರಿಗಾದರೆ ಕೇಳಲು ಬಾಯಿ ಇತ್ತು, ಎನ್ನಹೊರಟೆ.
ಬಾಯಿ ಇತ್ತು. ಕೇಳಿದ್ದರು ಕೂಡ.
ನಾವು ಕೇಳಿಸಿಕೊಂಡಿರಲಿಲ್ಲ.

ಭಾನುವಾರ ಬಾಬಿನ್ ಮೂರು ತುಂಡು ಕಾಣೆ ತಿಂದಳು.
ಎಂಥ ದಿನ ಆರಿಸಿದಳು ನೋಡಿ.
ಗೋಡೆಯ ಮುಂದೆ ನಿಂತೆ. ಗೆರೆ ಎಳೆದೆ,
ಸುಳ್ಳು ಲೆಕ್ಕ ಬೇಡ.
ಆಮೇಲೆ ಹಳೆಯ ವಾಯಿಲ್ ಸೀರೆ ತೆಗೆದು
ಅವಳನ್ನು ಸುತ್ತುವಷ್ಟು ಕತ್ತರಿಸಿದೆ.
ಕತ್ತರಿಸಿ ನೋಡಿದರೆ ಸುತ್ತಲೂ ಒಂದು ಇಂಚು ಬಿಟ್ಟಿದ್ದೇನೆ,
ಮುಂದೆ ದಪ್ಪ ಆದರೆ ಬಿಚ್ಚಲಿಕ್ಕೆ ಇರಲಿ ಎಂದು
ಎಲ್ಲರಿಗೂ ಬಿಡುವ ಹಾಗೆ.

ಇವತ್ತು ಶಟರು ಅರ್ಧ ಎಳೆದಿದ್ದೇನೆ.
ಜುಡಿತ್ ಬಾಯಿಯ ರವಿಕೆ ಕೊಕ್ಕೆಗೆ ಹಾಕಿದೆ, ಟಿಕ್.
ಒಂದು ಕಿವಿ ಮಾತ್ರ ತಿರುಗಿತು.
ಬರುವುದಿಲ್ಲ ಎಂದ ಸುಗುಣ
ರಿಕ್ಷಾದಲ್ಲಿ ಮೊದಲೇ ಹತ್ತಿ ಕೂತು ಮಡಿಲು ಹರಡಿದ್ದಾಳೆ.
"ಎಲ್ಲಿಗೆ?" ಎಂದ ಲತೀಫ, ವಾಯಿಲ್ ನೋಡಿ ಸುಮ್ಮನಾದ.
ಈ ರಸ್ತೆಯ ಹೊಂಡಗಳೆಲ್ಲ ಅವನಿಗೆ ಬಾಯಿಪಾಠ,
ಒಂದೊಂದನ್ನೂ ಸುತ್ತಿ ಬಿಡುತ್ತಿದ್ದಾನೆ.
ಹೊಳೆಯ ಕಡೆಯಿಂದ ಗಾಳಿ, ಮೀನಿನ ವಾಸನೆ.
ಬಾಬಿನ್ ಮೂಗು ಹೊರಗೆ ಹಾಕಿದಳು.